ಟವೆಲ್ಲಿನ ಕೆಳಗಿನ ಕೈ

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ಚಾಚುತ್ತಾನೆ, ಕೊಳ್ಳುವವನು ಅವನ ಬೆರಳು ಹಿಡಿಯುತ್ತಾನೆ, ಬೆರಳ ಸನ್ನೆಯಲ್ಲೇ ಬೆಲೆ ಕುದುರಿ ವ್ಯವಹಾರ ಅಲ್ಲೇ ಮುಗಿಯುತ್ತದೆ. ಮಡಿವಾಳೆಪ್ಪ ಅಂಥ ದಲ್ಲಾಳಿ. ಅವನ ಬಲಗೈಯ ಮೇಲೆ ಇಡೀ ಸಂತೆಗೆ ನಂಬಿಕೆ.

ಎತ್ತು ನೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಾಯಿ ತೆರೆಸಿ ಹಲ್ಲು ನೋಡುವನು, ಗೊರಸು ಒತ್ತುವನು, ನಾಲ್ಕು ಹೆಜ್ಜೆ ನಡೆಸುವನು. ಮೈತುಂಬಿ ಮಿಂಚುವ ಎತ್ತನ್ನಂತೂ ಎರಡೆರಡು ಸಲ ನೋಡುವನು. ಐಬು ಸಿಕ್ಕಿತೋ, ಆ ಎತ್ತಿನ ಬೆಲೆ ನಿಂತಲ್ಲೇ ಬೀಳುತ್ತಿತ್ತು.

ಸಂತೆಯ ಪಕ್ಕದ ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ದೊಡ್ಡವರಿಗೆಲ್ಲ ತಪಾಸಣೆ ಮಾಡುತ್ತಿದ್ದರು. ಅವನ ಹೆಂಡತಿ ಶಂಕ್ರವ್ವ ತಪ್ಪದೆ ಹೋಗುವಳು. ಅವಳ ಸಕ್ಕರೆ ಕಾಯಿಲೆ ಅಲ್ಲೇ ಗೊತ್ತಾಗಿ, ಗುಳಿಗೆ ನುಂಗಿಕೊಂಡು ಆರಾಮಾಗಿದ್ದಳು. ಗಂಡನನ್ನೂ ಕರೆಯುವಳು.

"ನನಗೇನಾಗೇತಿ? ಕಲ್ಲ ತಿಂದ ಕರಗಸ್ತೀನಿ," ಎಂದು ಅವನು ಮೀಸೆ ತಿರುವುವನು.

ಒಂದು ವರ್ಷ ಅವಳು ಬಿಡಲಿಲ್ಲ. "ಮೈತುಂಬಿದ ಎತ್ತ ಎರಡ ಸಲ ನೋಡ್ತೀರಿ. ನಿಮ್ಮ ಮೈ ಒಂದ ಸಲ ತೋರ್ಸಾಕ ಏನ್ ಧಾಡಿ?"

ಮಡಿವಾಳೆಪ್ಪ ದನಿ ತಗ್ಗಿಸಿದ. "ಐಬ ಗೊತ್ತಾದ ಎತ್ತಿನ ಗತಿ ನಾ ಕಂಡೇನಿ. ಡಾಕ್ಟರ ಒಂದ ರೋಗದ ಹೆಸರ ಹೇಳಿದ್ರ, ಮುಂದಿನ ಸಂತಿಗೆ ನನ್ನ ಕೈ ಯಾರ ಹಿಡೀತಾರ? ಹುಡುಕದಿದ್ರ ಐಬ ಇಲ್ಲ, ತಿಳ್ಕೊ."

ಜಾಣರ ದಡ್ಡತನ ನೋಡಿ! ಎತ್ತಿನ ಐಬು ಇವನು ನೋಡಿದ ಮೇಲೆ ಹುಟ್ಟಿದ್ದೇ? ಅದು ಮೊದಲಿನಿಂದಲೂ ಇತ್ತು. ಅಷ್ಟೂ ಇವನಿಗೆ ಹೊಳೆಯಲಿಲ್ಲ.

ಕೆಲವು ವರ್ಷ ಹೀಗೇ ಹೋದವು. ಒಂದು ದಿನ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ಕೊಟ್ಟು ನಿಂತವನು ಹಾಗೆಯೇ ಕುಸಿದ. ಬಲಭಾಗಕ್ಕೆ ಲಕ್ವ ಹೊಡೆದಿತ್ತು. ನಾಲಿಗೆ ತೊದಲಿ ನಿಂತುಹೋಯಿತು.

"ಬಿ.ಪಿ. ಬಹಳ ವರ್ಷದಿಂದ ಜಾಸ್ತಿ ಇದ್ದಿರಬೇಕಮ್ಮ," ಎಂದರು ಡಾಕ್ಟರು. "ಮೊದಲೇ ಗೊತ್ತಾಗಿದ್ದರೆ ಗುಳಿಗೆಯಲ್ಲೇ ತಡೆಯಬಹುದಿತ್ತೇನೋ." ಶಂಕ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ತಿಂಗಳುಗಳು ಕಳೆದವು. ಮಡಿವಾಳೆಪ್ಪ ಎಡಗೈಯಿಂದ ಸನ್ನೆ ಮಾಡಿ, ಹಟ ಹಿಡಿದು ಸಂತೆಗೆ ಬಂದ. ಶಂಕ್ರವ್ವ ಅವನನ್ನು ಬೇವಿನ ಮರದ ಕೆಳಗೆ ಕೂರಿಸಿದಳು. ಲಕ್ವದ ಸುದ್ದಿ ತಿಳಿಯದ ಹಳೆಯ ಗಿರಾಕಿ ಗುರುಶಾಂತಪ್ಪ ಕಂಡವನೇ ಹತ್ತಿರ ಬಂದ. "ದಲ್ಲಾಳ್ಯಾರ, ಒಂದ ಜೋಡಿ ನೋಡೇನಿ. ಬೆಲಿ ನೀವ ಹೇಳ್ರಿ," ಎಂದು, ರೂಢಿಯಂತೆ ಟವೆಲ್ ಹೊದಿಸಿ ಅವನ ಬಲಗೈ ಹಿಡಿದ.

ಬೆರಳು ಅಲುಗಲಿಲ್ಲ. ಗುರುಶಾಂತಪ್ಪ ಇನ್ನೊಮ್ಮೆ ಒತ್ತಿ ನೋಡಿದ. ಆಮೇಲೆ ಆ ಕೈಯನ್ನು ಮೆಲ್ಲಗೆ ಅವನ ತೊಡೆಯ ಮೇಲಿಟ್ಟು, ತಲೆ ತಗ್ಗಿಸಿಕೊಂಡು ಬೇರೆ ದಲ್ಲಾಳಿಯ ಹತ್ತಿರ ಹೋದ.

ಮಡಿವಾಳೆಪ್ಪ ಜೀವಮಾನವೆಲ್ಲ ಅಂಜಿದ್ದು ಇದಕ್ಕೇ. ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಬಲಗೈ ಏಳಲಿಲ್ಲ. ಶಂಕ್ರವ್ವ ಅದೇ ಟವೆಲ್ಲಿನಿಂದ ಒರೆಸಿದಳು.

ನೀತಿ: ನೋಡದೆ ಬಿಟ್ಟ ಮಾತ್ರಕ್ಕೆ ರೋಗ ಇಲ್ಲವಾಗುವುದಿಲ್ಲ, ಒಳಗೇ ಬೆಳೆಯುತ್ತದೆ. ಮೈ ಗಟ್ಟಿಮುಟ್ಟಾಗಿದೆ ಎನಿಸುವಾಗಲೇ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ.