ಗಾಲಿಗೆ ಕಟ್ಟಿದ ಕೊರಡು

“ಗುರುಗಳೇ, ಸತ್ತ ದೊಡ್ಡವರೊಬ್ಬರ ಸಮಾಧಿಯ ಕಲ್ಲಿನ ಮೇಲೆ ಒಂದು ಸಾಲು ಬರೆಯಬೇಕಾಗಿದೆ. ಏನು ಬರೆಯಲಿ?” ಎಂದು ಚಂದಯ್ಯ ಕೇಳಿದ.

ಗುರು ಅಂಗಳದಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಯಾರು ಸತ್ತರು?”

“ನಾಡಿನ ಪ್ರಧಾನಿ. ಹೋದ ವಾರ. ಕಲ್ಲು ನಿಲ್ಲಿಸಿಯಾಗಿದೆ. ನಾಳೆಯೊಳಗೆ ಸಾಲು ಬೇಕೆಂದು ನನಗೆ ಹೇಳಿಕಳಿಸಿದ್ದಾರೆ.”

“ಬರೆದುಕೊಡು.”

“ಕೈ ಓಡುತ್ತಿಲ್ಲ.”

“ಯಾಕೆ?”

ಚಂದಯ್ಯ ಮೆಟ್ಟಿಲ ಮೇಲೆ ಕೂತ. ತಿಳಿದಷ್ಟನ್ನು ಹೇಳಿದ.

ಪ್ರಧಾನಿ ಮೂವತ್ತೆರಡು ವರ್ಷ ನಾಡು ನಡೆಸಿದರು. ಯಾರು ಯಾವ ಹೊಸದನ್ನು ತಂದರೂ ‘ತಾಳಿ’ ಎನ್ನುತ್ತಿದ್ದರು. ಪಕ್ಕದ ಎರಡು ನಾಡುಗಳು ತಾಳಲಿಲ್ಲ. ಹಳೆಯ ಕಟ್ಟಳೆಗಳನ್ನೆಲ್ಲ ಒಂದೇ ವರ್ಷದಲ್ಲಿ ಕಿತ್ತುಹಾಕಿದವು. ಹೊಸದು ಬೇರು ಬಿಡುವ ಮೊದಲೇ ಜನ ಕತ್ತಿ ಹಿಡಿದರು. ಊರುಗಳು ಉರಿದವು. ಇಲ್ಲಿ ಒಂದು ಗುಡಿಸಲೂ ಉರಿಯಲಿಲ್ಲ. ಪ್ರಧಾನಿ ಕೊನೆಯವರೆಗೂ ತಂದೆ ಕಟ್ಟಿಸಿದ ಎರಡಂಕಣದ ಪುಟ್ಟ ಮನೆಯಲ್ಲೇ ಇದ್ದರು. ಬಾಗಿಲಿಗೆ ಬಂದವರಿಗೆ ತಾವೇ ಎದ್ದು ಮಣೆ ಹಾಕುತ್ತಿದ್ದರು. ಅವರು ಸತ್ತ ದಿನ ಗಂಡಸರೂ ಬೀದಿಯಲ್ಲಿ ನಿಂತು ಅತ್ತರು.

“ಅದನ್ನೇ ಬರೆ,” ಎಂದರು ಗುರು.

“ನನ್ನ ಅಕ್ಕ ಹತ್ತು ವರ್ಷದವಳಿದ್ದಾಗ ಅವರ ಬಾಗಿಲಿಗೆ ಹೋಗಿದ್ದಳು. ಹೆಣ್ಣುಮಕ್ಕಳನ್ನೂ ಶಾಲೆಗೆ ಸೇರಿಸಿಕೊಳ್ಳಿ ಅಪ್ಪಾ ಎಂದು ಕೇಳಿದಳು. ಮಣೆ ಹಾಕಿ ಕೂರಿಸಿದರಂತೆ. ಕೈಗೆ ಬೆಲ್ಲ ಕೊಟ್ಟರಂತೆ. ‘ತಾಳು ಮಗಳೇ, ಇನ್ನೂ ಕಾಲ ಬಂದಿಲ್ಲ’ ಎಂದರಂತೆ. ಅವಳಿಗೆ ಈಗ ನಲವತ್ತು. ಆ ಕಾಲ ಬರಲೇ ಇಲ್ಲ.”

“ಈಗ ಎಲ್ಲಿದ್ದಾಳೆ?”

“ನನ್ನ ಮನೆಯಲ್ಲೇ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳೂ ಅವಳೇ. ಈಗಲೂ ದಿನಾ ನನ್ನ ಪುಸ್ತಕಗಳ ಧೂಳು ಒರೆಸಿ ಜೋಡಿಸಿಡುತ್ತಾಳೆ. ಅಕ್ಷರ ತಿಳಿಯದು, ಅರ್ಧಕ್ಕರ್ಧ ತಲೆಕೆಳಗು.”

ಚಂದಯ್ಯ ಗುರುಗಳ ಕಡೆ ತಿರುಗಿ ಹೇಳಿದ:

“ಹೊಗಳಿ ಬರೆದರೆ ಅವಳ ಮುಖ ಹೇಗೆ ನೋಡಲಿ? ತೆಗಳಿ ಬರೆದರೆ ಉರಿಯದೆ ಉಳಿದ ಊರುಗಳ ಮುಖ ಹೇಗೆ ನೋಡಲಿ?”

ಗುರು ಮೊರವನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಅಣ್ಣ ತಮ್ಮ ಇಬ್ಬರು ಗಾಡಿ ಹೊಡೆಯುತ್ತಿದ್ದರು. ಮೂಟೆ ತುಂಬಿಕೊಂಡು ಘಟ್ಟ ಇಳಿಯುವುದು ಅವರ ಕಸುಬು. ಗಾಡಿಯ ಹಿಂದೆ ಒಬ್ಬ ಮುದುಕ ನಡೆಯುತ್ತಿದ್ದ. ಅವರ ಅಪ್ಪನ ಕಾಲದಿಂದಲೂ ಇದ್ದವನು. ಇಳಿಜಾರು ಬಂದಾಗ ಗಾಲಿಗೆ ಒಂದು ಕೊರಡನ್ನು ಒತ್ತಿ ಹಗ್ಗದಿಂದ ಬಿಗಿಯುವುದು ಅವನ ಕೆಲಸ. ಬಿಗಿದರೆ ಗಾಲಿ ಓಡುವುದಿಲ್ಲ. ಉಜ್ಜಿಕೊಂಡು ಮೆಲ್ಲಗೆ ಇಳಿಯುತ್ತದೆ. ಬಿಗಿಯದಿದ್ದರೆ ಗಾಡಿ ಎತ್ತುಗಳ ಮೇಲೇ ಬೀಳುತ್ತದೆ. ದಾರಿ ಮಟ್ಟಸವಾದಾಗ ಗಂಟು ಬಿಚ್ಚಬೇಕು. ಬಿಚ್ಚದಿದ್ದರೆ ಎತ್ತುಗಳು ಎಳೆದೆಳೆದೇ ಸಾಯುತ್ತವೆ.

ಮುದುಕ ಮೆಟ್ಟು ಹಾಕುತ್ತಿರಲಿಲ್ಲ. ಇಳಿಜಾರು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ಅವನ ಅಂಗಾಲು ಹೇಳುತ್ತಿತ್ತು. ಕಟ್ಟುವುದೂ ಅವನೇ, ಬಿಚ್ಚುವುದೂ ಅವನೇ. ಆ ಗಂಟನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಒಮ್ಮೆ ಹಿಂದಿನಿಂದ ಬಂದ ಗಾಡಿಯವರು ಇವರನ್ನು ನೋಡಿ ನಕ್ಕರು. ತಮ್ಮ ಗಾಡಿಯ ಕೊರಡು ಬಿಚ್ಚಿ ಮುಂದೆ ಹೋದರು. ಮೂರನೆಯ ತಿರುವಿನಲ್ಲಿ ಅವರ ಗಾಡಿ ಕಂದಕದಲ್ಲಿ ಬಿದ್ದಿತ್ತು. ಮುದುಕ ಕಂದಕಕ್ಕೆ ಇಳಿದು, ಬದುಕಿದ್ದವನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದ.

ವರ್ಷಗಳು ಹೋದವು. ಮುದುಕನ ಅಂಗಾಲು ಜಡ್ಡುಗಟ್ಟಿತು. ಅಂಗಾಲು ಹೇಳುವುದನ್ನು ನಿಲ್ಲಿಸಿದ ಮೇಲೆ ಭಯ ಹೇಳತೊಡಗಿತು. ಕಣ್ಣ ಮುಂದೆ ಆ ಕಂದಕವೇ ಬರುತ್ತಿತ್ತು. ಮಟ್ಟಸ ದಾರಿಯಲ್ಲೂ ಅವನು ಕೊರಡು ಬಿಚ್ಚುತ್ತಿರಲಿಲ್ಲ. ಎತ್ತುಗಳ ಹೆಗಲು ಹುಣ್ಣಾಯಿತು. ಗಾಡಿ ನಿಂತಲ್ಲೆಲ್ಲ ಮುದುಕ ಆ ಹುಣ್ಣಿಗೆ ಬೇವಿನೆಣ್ಣೆ ಸವರುತ್ತಿದ್ದ. ಮಕ್ಕಳನ್ನು ಮಾತಾಡಿಸುವಂತೆ ಎತ್ತುಗಳನ್ನು ಮಾತಾಡಿಸುತ್ತಿದ್ದ. ಕೊರಡು ಮಾತ್ರ ಬಿಚ್ಚುತ್ತಿರಲಿಲ್ಲ.

“ಅಜ್ಜಾ, ನೀನು ಘಟ್ಟ ಇಳಿಸೋಕೆ ಬಂದವನೋ, ಇಲ್ಲೇ ಮನೆ ಕಟ್ಟೋಕೆ ಬಂದವನೋ?” ಎಂದು ತಮ್ಮ ರೇಗಿಸುತ್ತಿದ್ದ.

“ಕಟ್ಟಿದರೆ ಬಾಗಿಲು ಕಾಯೋಕೆ ನಿನ್ನನ್ನೇ ಇಟ್ಕೋತೀನಿ. ದಾರಿ ನೋಡಿ ಹೊಡಿ,” ಎನ್ನುತ್ತಿದ್ದ ಮುದುಕ.

ಒಂದು ದಿನ ಗಾಡಿಯಲ್ಲಿ ಒಬ್ಬ ತುಂಬು ಬಸುರಿ ಇದ್ದಳು. ಘಟ್ಟದ ಕೆಳಗಿನ ತವರಿಗೆ ಹೆರಿಗೆಗೆ ಹೊರಟವಳು. ದಾರಿಯಲ್ಲೇ ಅವಳಿಗೆ ನೋವು ಕಾಣಿಸಿಕೊಂಡಿತು. ಮುದುಕ ತನ್ನ ಕಂಬಳಿಯನ್ನು ಮಡಿಸಿ ಅವಳ ಬೆನ್ನಿಗೆ ಕೊಟ್ಟ. “ಹೆದರಬೇಡ ತಾಯಿ, ಒಂದು ಕಲ್ಲೂ ಎಡವದ ಹಾಗೆ ಇಳಿಸ್ತೀನಿ,” ಎಂದ. ಹಾಗೆಯೇ ಇಳಿಸಿದ. ಕೊನೆಯ ತಿರುವು ದಾಟಿದ ಮೇಲೆ ಗಾಲಿಗೆ ಒರಗಿ ಕೂತ. ದಣಿದಿದ್ದಾನೆ ಎಂದುಕೊಂಡರು. ಅಣ್ಣ ನೀರು ಕೊಡಲು ಹೋದ. ಮುದುಕನ ಉಸಿರು ನಿಂತಿತ್ತು. ಒಂದು ಕೈ ಇನ್ನೂ ಹಗ್ಗದ ಮೇಲೆ ಇತ್ತು.

ಅಣ್ಣ ತಮ್ಮ ಇಬ್ಬರೂ ಅತ್ತರು. ಅವನನ್ನು ಎತ್ತಿ ಮರದ ನೆರಳಿನಲ್ಲಿ ಮಲಗಿಸಿದರು. ಒಬ್ಬನನ್ನು ಹೆಣದ ಹತ್ತಿರ ಬಿಟ್ಟು ಇನ್ನೊಬ್ಬ ಗಾಡಿ ಹೊಡೆಯಬೇಕೆಂದು ಮಾತಾಯಿತು. ಎತ್ತುಗಳು ಎಳೆದವು. ಬಸುರಿಗಾಗಿ ಎಂದಿಗಿಂತ ಬಿಗಿಯಾಗಿ ಕಟ್ಟಿದ್ದ ಗಾಲಿ ಅಲುಗಲಿಲ್ಲ.

“ನೋಡು, ಸತ್ತ ಮೇಲೂ ಹಿಡಿದುಕೊಂಡೇ ಇದ್ದಾನೆ,” ಎಂದ ತಮ್ಮ.

“ನಾಲಿಗೆ ಬಿಗಿಹಿಡಿ. ಅವನಿಲ್ಲದಿದ್ದರೆ ನೀನು ಯಾವತ್ತೋ ಕಂದಕದಲ್ಲಿರ್ತಿದ್ದೆ.”

“ಎತ್ತಿನ ಹೆಗಲು ನೋಡಿ ಆ ಮಾತು ಹೇಳು.”

“ಎಣ್ಣೆ ಹಚ್ಚಿದವನು ಯಾರು?”

“ಹುಣ್ಣು ಮಾಡಿದವನು ಯಾರು?”

ಮಾತಿಗೆ ಮಾತು ಬೆಳೆಯಿತು. ಹೊತ್ತು ಇಳಿಯಿತು. ಎತ್ತುಗಳು ನೊಗ ಹೊತ್ತುಕೊಂಡೇ ನಿಂತಿದ್ದವು. ಇಬ್ಬರು ಹೇಳಿದ್ದೂ ನಿಜವಾಗಿತ್ತು. ಅದಕ್ಕೇ ಜಗಳ ಮುಗಿಯಲಿಲ್ಲ.

ಬಸುರಿ ಗಾಡಿಯಿಂದ ತಲೆ ಹೊರಗೆ ಹಾಕಿದಳು. ತುಟಿ ಕಚ್ಚಿ ನೋವು ತಡೆದುಕೊಂಡಳು.

“ಅಣ್ಣಾ, ಘಟ್ಟ ಮುಗೀತಲ್ಲ,” ಎಂದಳು.

ಇಬ್ಬರೂ ಮುಂದಕ್ಕೆ ನೋಡಿದರು. ದಾರಿ ಅಂಗೈಯಷ್ಟು ಮಟ್ಟಸವಾಗಿತ್ತು. ಆಮೇಲೆ ಬಗ್ಗಿ ಗಾಲಿಯನ್ನು ನೋಡಿದರು. ಮುದುಕನ ಗಂಟನ್ನು ಅವರು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಏನೋ ವಿದ್ಯೆಯ ಗಂಟು ಎಂದುಕೊಂಡಿದ್ದರು. ಅದು ಕರು ಕಟ್ಟುವ ಗಂಟು. ಹಟ್ಟಿಯಲ್ಲಿ ಯಾರು ಬೇಕಾದರೂ ಬಿಚ್ಚುವಂಥದ್ದು.

ಗುರು ಅಲ್ಲಿಗೆ ನಿಲ್ಲಿಸಿದರು. ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

ಚಂದಯ್ಯ ಕೇಳಿದ:

“ಹಾಗಾದರೆ ಕಲ್ಲಿನ ಮೇಲೆ ಏನು ಬರೆಯಲಿ?”

“‘ಘಟ್ಟ ಇಳಿಸಿದವರು’ ಎಂದು ಬರೆ. ಅದು ಸುಳ್ಳಲ್ಲ.”

“ನನ್ನ ಅಕ್ಕನ ಮಾತೇನು, ಗುರುಗಳೇ?”

ಗುರು ಹುರುಳಿಯಲ್ಲಿ ಸಿಕ್ಕಿದ ಒಂದು ಕಲ್ಲನ್ನು ಆರಿಸಿ ಆಚೆಗೆ ಹಾಕಿದರು. ಆಮೇಲೆ ಮೊದಲ ಸಲ ಚಂದಯ್ಯನ ಮುಖ ನೋಡಿದರು.

“ಅವಳು ಇರುವುದು ನಿನ್ನ ಮನೆಯಲ್ಲೇ. ನೀನು ಓದು ಕಲಿತು ಎಷ್ಟು ವರ್ಷವಾಯಿತು, ಚಂದಯ್ಯ?”