ಕೆಂಚವ್ವ ಬಿಡಿಸಿಕೊಂಡ ದೀಪ

ಮುತ್ತಿಗೆನಾಡಿನ ಅರಸ ರಣಧವಳ ಊರೂರಿಗೆ ಡಂಗುರ ಹೊಡೆಸಿದ: "ಅರಮನೆಯ ನೀಲಿದೀಪದ ಮೇಲೆ ದೊರೆಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಗಾಜು ಊದಿ ಬದುಕುವ ಕೆಂಚವ್ವನಿಗೆ ಅದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು. ಆ ದೀಪ ಮಾಡಿದವಳು ಅವಳ ಅವ್ವ. ಗಾಜಿನ ಬುರುಡೆಯೊಳಗಿನ ತೆಳುಗಾಳಿಗೆ ಬುಡದ ಯಂತ್ರದಿಂದ ಕಣ್ಣಿಗೆ ಕಾಣದ ಮೈಕ್ರೋವೇವ್ ಅಲೆ ಬಡಿದರೆ ಗಾಳಿಯೇ ನೀಲಿಯಾಗಿ ಬೆಳಗುತ್ತಿತ್ತು. ಅವ್ವ ಅದನ್ನು ಪ್ಲಾಸ್ಮಾ ಎನ್ನುತ್ತಿದ್ದಳು. ಹೆರಿಗೆಮನೆಗೆಂದು ಮಾಡಿದ್ದನ್ನು ದೊರೆ ಚೆಂದ ಕಂಡಿತೆಂದು ಹೊತ್ತೊಯ್ದ. ಆ ಕೊರಗಿನಲ್ಲೇ ಅವ್ವ ಹೋದಳು. ಆಮೇಲೆ ತಂಗಿ ಹೊಳೆವ್ವ ಹೆರಿಗೆಯಲ್ಲಿ ಕೊಳಕು ಕತ್ತಿಯ ನಂಜೇರಿ ಸತ್ತಳು.

ಕೆಂಚವ್ವ ಹಲ್ಲು ಕಚ್ಚಿಕೊಂಡು ಅರಮನೆಗೆ ನಡೆದಳು.

ದೊರೆ ಮೊದಲ ಒಗಟು ಹೇಳಿದ: "ಎಣ್ಣೆಯಿಲ್ಲ, ಬತ್ತಿಯಿಲ್ಲ. ಈ ದೀಪ ಒಂದೇ ಸಮ ಉರಿಯುವಂತೆ ಕಾಣುತ್ತದೆ. ಆದರೆ ಅದು ಸತ್ತು ಸತ್ತು ಹುಟ್ಟುತ್ತಿದೆ. ತೋರಿಸು ನೋಡೋಣ."

ಪಾಳೆಯಗಾರನ ಮಗನೊಬ್ಬ, "ಒಳಗೆ ಮಿಣುಕುಹುಳಗಳಿವೆ" ಎಂದ. ತಲೆ ಹೊಡೆಯಲೆಂದು ಅವನನ್ನು ಸೆರೆಗೆ ಎಳೆದೊಯ್ದರು. ಕುದುರೆ ವ್ಯಾಪಾರಿಯೊಬ್ಬ, "ಗಾಳಿಗೆ ಹೊಯ್ದಾಡುತ್ತಿದೆ" ಎಂದ. ಅವನಿಗೂ ಅದೇ ಗತಿ. ಆಸ್ಥಾನ ಗೊಳ್ಳೆಂದು ನಕ್ಕಿತು.

"ಸಾಯುವವರನ್ನು ಕಂಡು ನಗುತ್ತೀರಾ?" ಎಂದು ಕೆಂಚವ್ವ ಮುಂದೆ ಬಂದಳು. ಬಾಗಿಲು ಕಿಟಕಿ ಮುಚ್ಚಿಸಿ, ದೀಪದ ಮುಂದೆ ಬಿಳಿಯ ಕೋಲೊಂದನ್ನು ರಭಸದಿಂದ ಬೀಸಿದಳು. ಕತ್ತಲಲ್ಲಿ ಒಂದು ಕೋಲು ಬೀಸಣಿಗೆಯ ಕಡ್ಡಿಗಳ ಹಾಗೆ ಬಿಡಿಬಿಡಿಯಾಗಿ ಹತ್ತಾರಾಯಿತು. "ಬೆಳಕು ಹುಟ್ಟಿದಾಗೊಂದು ಕೋಲು ಕಾಣುತ್ತದೆ, ಸತ್ತಾಗ ಕಾಣುವುದಿಲ್ಲ. ಬುಡದ ಯಂತ್ರ ಅಲೆಯನ್ನು ತುಂಡುತುಂಡಾಗಿ ಬಿಡುತ್ತಿದೆ."

ದೊರೆಯ ಮುಖ ಬಿಗಿಯಿತು. "ಎರಡನೆಯದು. ಇದರೊಳಗೆ ಕುಲುಮೆಗಿಂತ ಹೆಚ್ಚು ಬಿಸಿಯಾದದ್ದು ಇದೆ. ಆದರೂ ಗಾಜು ಕೈ ಸುಡುವುದಿಲ್ಲ. ಏಕೆ?"

"ಅಲೆಯ ಪೆಟ್ಟು ಬಿದ್ದಾಗ ಬಿಸಿಯಾಗುವುದು ಎಲೆಕ್ಟ್ರಾನೆಂಬ ಅತಿ ಸಣ್ಣ ಕಣ. ದೊಡ್ಡ ಕಣಗಳಿಗೆ ಆ ಬಿಸಿ ದಾಟುವಷ್ಟರಲ್ಲಿ ಪೆಟ್ಟು ನಿಂತಿರುತ್ತದೆ. ಬಿಡುವಿನಲ್ಲಿ ಎಲ್ಲ ಆರುತ್ತದೆ. ಬಿಡುವು ಕೊಡದೆ ಹೊಡೆದರೆ ಗಾಜೂ ಕಾಯುತ್ತದೆ, ಕೈಯೂ ಸುಡುತ್ತದೆ."

"ಕೊನೆಯದು. ಈ ದೀಪ ಇರುವುದು ಯಾತಕ್ಕೆ?"

"ಕತ್ತಿಯ ಮೇಲಿನ ಕಾಣದ ನಂಜು ಕೊಲ್ಲುವುದಕ್ಕೆ!"

"ತಪ್ಪು!" ದೊರೆ ಎದ್ದು ನಿಂತ. "ನನ್ನ ಸಿಂಹಾಸನ ಬೆಳಗುವುದಕ್ಕೆ. ಎಳೆದೊಯ್ಯಿರಿ!"

"ಪರೀಕ್ಷೆ ಮಾಡದೆ ತಪ್ಪೆನ್ನುವುದಕ್ಕೆ ನಾಚಿಕೆಯಾಗುವುದಿಲ್ಲವೇ?" ಕೆಂಚವ್ವನ ದನಿಗೆ ಕಾವಲಿನವರೂ ಹಿಂದೆ ಸರಿದರು. "ಹೆರಿಗೆಮನೆಯಿಂದ ಎರಡು ಕತ್ತಿ ತರಿಸಿ. ಕಾಯಿಸಿದ ಹಾಲು ಎರಡು ಬಟ್ಟಲು ಕೊಡಿ. ಅಲ್ಲಿಯವರೆಗೆ ಯಾರ ತಲೆಯೂ ಬೀಳಬಾರದು."

ತುಂಬು ಬಸುರಿಯಾಗಿದ್ದ ದೊರೆಮಗಳು ಮಲ್ಲಾದೇವಿ, "ಆಗಲಿ ಅಪ್ಪಾಜಿ, ನನಗೂ ನೋಡಬೇಕು" ಎಂದಳು. ಮಗಳ ಮಾತು ಮೀರಲು ದೊರೆಗೆ ಆಗಲಿಲ್ಲ.

ಕೆಂಚವ್ವ ಒಂದು ಕತ್ತಿಯನ್ನು ದೀಪದ ಕೆಳಗೆ ಆ ನೀಲಿ ಗಾಳಿ ಇಳಿಯುವ ಗಾಜಿನ ಗೂಡಿನಲ್ಲಿ ಸ್ವಲ್ಪ ಹೊತ್ತು ಇಟ್ಟಳು, ಇನ್ನೊಂದನ್ನು ಹಾಗೇ ಬಿಟ್ಟಳು. ಆಮೇಲೆ ಒಂದೊಂದನ್ನು ಒಂದೊಂದು ಬಟ್ಟಲಿಗೆ ಅದ್ದಿ, ಮುಚ್ಚಿಸಿ, ಕಾವಲು ಹಾಕಿಸಿದಳು. ಮರುದಿನ ಮುಚ್ಚಳ ತೆಗೆದರು. ಹಾಗೇ ಬಿಟ್ಟ ಕತ್ತಿಯ ಹಾಲು ಒಡೆದು ನಾರುತ್ತಿತ್ತು. ದೀಪದ ಕತ್ತಿಯದು ಬೆಳ್ಳಗೆ ಹಾಗೇ ಇತ್ತು.

"ದೊರೆ, ನಿಮ್ಮ ಮೊಮ್ಮಗುವಿನ ಹೊಕ್ಕುಳಬಳ್ಳಿ ಕೊಯ್ಯುವುದಕ್ಕೆ ಯಾವ ಕತ್ತಿ ಕೊಡಲಿ?" ಎಂದು ಕೆಂಚವ್ವ ಕೇಳಿದಳು. "ನನ್ನ ತಂಗಿಯ ಹೆರಿಗೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ."

ಮಲ್ಲಾದೇವಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಂದೆಯನ್ನೇ ನೋಡಿದಳು. ದೊರೆ ದೀಪದ ಕತ್ತಿಯ ಕಡೆಗೆ ಬೆರಳು ತೋರಿಸಿದ.

"ನೀನು ಗೆದ್ದೆ, ತಾಯಿ. ಏನು ಬೇಕು ಕೇಳು."

"ಸೆರೆಯಲ್ಲಿರುವ ಆ ಇಬ್ಬರನ್ನು ಬಿಡಿ. ನಮ್ಮ ದೀಪ ನಮಗೆ ಕೊಡಿ."

ದೀಪ ಹೆರಿಗೆಮನೆಗೆ ಬಂತು. ದೊರೆ ಆ ಮನೆಯನ್ನೂ ಅದರ ಸುತ್ತಲಿನ ನೆಲವನ್ನೂ ಕೆಂಚವ್ವನ ಹೆಸರಿಗೆ ಬಿಟ್ಟುಕೊಟ್ಟ. ಮಲ್ಲಾದೇವಿ ಹಟ ಹಿಡಿದು ಅಲ್ಲಿಗೇ ಬಂದು, ಹೆರಿಗೆಗೆ ಬಂದಿದ್ದ ಗಾಡಿಯವನೊಬ್ಬನ ಹೆಂಡತಿಯ ಪಕ್ಕದ ಚಾಪೆಯ ಮೇಲೆ ಹೆಣ್ಣುಮಗು ಹೆತ್ತಳು. ತಾಯಂದಿರಿಬ್ಬರೂ ಸುಖವಾಗಿ ಎದ್ದರು.

ಮೊಮ್ಮಗಳನ್ನು ನೋಡಲು ದೊರೆ ಓಡೋಡಿ ಬಂದ. ಕೆಂಚವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳ ಸಿಟ್ಟಿನ್ನೂ ಇಳಿದಿರಲಿಲ್ಲ.

"ಮೊದಲು ಕೈ ತೊಳೆದುಕೊಳ್ಳಿ" ಎಂದಳು.

ದೊರೆ ಉಂಗುರಗಳನ್ನು ಬಿಚ್ಚಿಟ್ಟು ತೊಳೆದುಕೊಂಡ.