ಮೇಲಿನ ಬಿರಡೆ

"ಅಜ್ಜಾರೇ, ಈ ಎಣ್ಣೆ ಇಳಿದು ಹೋದ ಹಾಗೆ ನನ್ನ ಮನಸ್ಸು ಖಾಲಿಯಾಗುವುದು ಯಾವಾಗ?"

ಮಠದ ಹಳೆಯ ಜೀಪಿನ ಅಡಿಯಲ್ಲಿ ಅಂಗಾತ ಮಲಗಿಕೊಂಡೇ ಶಿಷ್ಯ ಕಲ್ಲಿನಾಥ ಕೇಳಿದ. ಇಂಜಿನ್ನಿನ ಕರಿ ಎಣ್ಣೆ ಸಣ್ಣ ದಾರವಾಗಿ ಬೋಗುಣಿಗೆ ಇಳಿಯುತ್ತಿತ್ತು. ಎಲ್ಲರೂ ಅಜ್ಜಾರು ಎಂದು ಕರೆಯುವ ಗುರುಗಳು ಹುಣಸೆಮರದ ನೆರಳಲ್ಲಿ ಕುಳಿತಿದ್ದರು.

ಕಲ್ಲಿನಾಥ ಮನೆ ಬಿಟ್ಟು ಬಂದು ಒಂದೂವರೆ ವರ್ಷವಾಗಿತ್ತು. ಮಠದ ಜೀಪಿನ ಚಾಕರಿಯೆಲ್ಲ ಅವನದೇ. ಎಂಟು ದಿನದ ಹಿಂದೆ ಅವನ ಹೆಂಡತಿ ನೀಲವ್ವನಿಂದ ಒಂದು ಕಾರ್ಡು ಬಂದಿತ್ತು. 'ಹುಣ್ಣಿಮೆಯ ತನಕ ಬಾಗಿಲು ತೆರೆದಿರುತ್ತೇನೆ. ಆಮೇಲೆ ಬೀಗ ಹಾಕಿ ತವರಿಗೆ ಹೋಗುತ್ತೇನೆ' ಎಂದಷ್ಟೇ ಬರೆದಿದ್ದಳು. ಹುಣ್ಣಿಮೆ ನಾಳೆ. ಕಾರ್ಡು ಅವನ ಅಂಗಿಯ ಜೇಬಿನಲ್ಲೇ ಇತ್ತು. ಅದನ್ನು ಅಜ್ಜಾರಿಗೂ ಓದಿ ಹೇಳಿದ್ದ. ಅವರು ಆವತ್ತು ಹ್ಞೂಂ ಎಂದಿದ್ದರು, ಅಷ್ಟೇ.

"ಕೈ ಒರೆಸಿಕೊಂಡು ಈಚೆ ಬಾ," ಎಂದರು ಅಜ್ಜಾರು. "ಒಂದು ಕತೆ ಇದೆ."

"ಎಣ್ಣೆ ಇನ್ನೂ ಇಳಿಯುತ್ತಿದೆ, ಅಜ್ಜಾರೇ."

"ಇಳಿಯಲಿ ಬಿಡು. ಅದಕ್ಕೇನು ನೀನು ಕಾವಲು ಕೂರಬೇಕೇ?"

ಕಲ್ಲಿನಾಥ ಬಂದು ಕುಳಿತ. ಅಜ್ಜಾರು ಹೇಳತೊಡಗಿದರು.

ಒಂದು ಬೆಟ್ಟದ ಸೀಮೆಯಲ್ಲಿ ಒಬ್ಬ ಜೀಪಿನವನಿದ್ದ. ಜೀಪಿಗೂ ಅವನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಬೇಕೆಂದಾಗ ನಾಲ್ಕೂ ಗಾಲಿ ಎಳೆಯುವ ಗಾಡಿ ಅದು. ಅದನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಎಣ್ಣೆ ಬದಲಿಸುವುದು, ಗ್ರೀಸು ತುಂಬುವುದು, ಬ್ರೇಕು ಬಿಗಿಯುವುದು, ಎಲ್ಲವೂ ಅವನೇ. ಯಾರ ಹತ್ತಿರವೂ ಕಲಿತದ್ದಲ್ಲ. ಬಿಚ್ಚಿ, ಕೆಡಿಸಿ, ಮತ್ತೆ ಕೂಡಿಸಿ ಕಲಿತದ್ದು. ಓಡುತ್ತಿರುವಾಗ ಯಾವ ಗಾಲಿ ಮುನಿಸಿಕೊಂಡಿದೆ ಎಂದು ಕಿವಿಯಲ್ಲೇ ಹಿಡಿಯುತ್ತಿದ್ದ.

ಅವನ ಹೆಂಡತಿ ಹೊಲಿಗೆ ಮಾಡುತ್ತಿದ್ದಳು. ಒಂದು ದಿನ ಅವಳು ಜೀಪಿನ ಪಕ್ಕ ನಿಂತು ಹೇಳಿದಳು: "ಇದು ಒಂದು ಸಲ ಕುಂಯ್ ಅಂದರೆ ಸಾಕು, ಇದರ ಕೆಳಗೆ ನುಗ್ಗುತ್ತೀರಿ. ನಾನು ಮೂರು ದಿನದಿಂದ ಮಾತೇ ಆಡಿಲ್ಲ. ಅದು ಗೊತ್ತಾಯಿತಾ ನಿಮಗೆ?"

ಜೀಪಿನ ಅಡಿಯಿಂದ ಅವನು, "ಏನಂದೆ?" ಎಂದ.

ಅವಳು ಎರಡನೇ ಸಲ ಹೇಳಲಿಲ್ಲ. ಹಳ್ಳದ ಆಚೆ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗಿಬಿಟ್ಟಳು.

ಬೇಸಿಗೆ ಕಳೆಯಿತು. ಮಳೆ ಬಿದ್ದು ಹಳ್ಳದಲ್ಲಿ ನೀರು ಬಂತು. ಆಗ ಅವಳು ಆಚೆ ದಡದಿಂದಲೇ ಹಾಲಿನವನಿಗೆ ಕೂಗಿ ಹೇಳಿ ಕಳಿಸಿದಳು: "ಸೋಮವಾರ ಹೊತ್ತು ಮುಳುಗುವ ತನಕ ಹಳ್ಳದ ಆಚೆ ದಡದಲ್ಲಿ ಹೊಂಗೆಮರದ ಕೆಳಗೆ ಕೂತಿರುತ್ತೇನೆ. ಬಂದರೆ ಜೀಪು ಹತ್ತುತ್ತೇನೆ. ಬರದಿದ್ದರೆ ಎದ್ದು ಹೋಗುತ್ತೇನೆ. ಮತ್ತೆ ಹೇಳಿ ಕಳಿಸುವುದಿಲ್ಲ."

ಆ ಹಳ್ಳವನ್ನು ನಡೆದು ದಾಟುವ ಹಾಗಿರಲಿಲ್ಲ. ಅಡಿಯಲ್ಲಿ ಉಸುಕು, ಮೇಲೆ ಸೆಳವು. ನಾಲ್ಕೂ ಗಾಲಿ ಎಳೆದರೆ ಮಾತ್ರ ದಾಟಬಹುದು.

ಸೋಮವಾರ ಬೆಳಿಗ್ಗೆ ಅವನು ಬೇಗ ಎದ್ದ. ಮುಂದಿನ ಗಾಲಿಗಳ ನಡುವೆ, ಅಡಿಯಲ್ಲಿ, ಗಡಿಗೆಯಂಥ ಒಂದು ಕಬ್ಬಿಣದ ಗೂಡಿರುತ್ತದೆ. ಒಳಗೆ ಹಲ್ಲುಚಕ್ರಗಳು. ಅವು ಎಣ್ಣೆಯಲ್ಲಿ ಮುಳುಗಿರಬೇಕು. ಮುಂದಿನ ಗಾಲಿಗಳ ಎಳೆತ ಅವನಿಗೆ ಬೇಕಾದದ್ದೇ ಅಪರೂಪ. ಅದಕ್ಕೇ ಆ ಗೂಡಿನ ಎಣ್ಣೆಯನ್ನು ಅವನು ಒಮ್ಮೆಯೂ ಬದಲಿಸಿರಲಿಲ್ಲ. ಇವತ್ತು ಅವಳು ಕೂರುವ ಗಾಡಿಯಲ್ಲಿ ಹಳೆಯದು ಒಂದು ತೊಟ್ಟೂ ಇರಬಾರದು ಎಂದುಕೊಂಡ. ಎಣ್ಣೆ ಇಳಿಸುವ ಕೆಳಗಿನ ಬಿರಡೆಗೆ ನಟ್ಟು ಬಿಚ್ಚುವ ಪಾನಾ ಹಾಕಿ ತಿರುಗಿಸಿದ. ಬೆಣ್ಣೆಯ ಹಾಗೆ ಬಂತು. ಎಷ್ಟೋ ವರ್ಷದ ಎಣ್ಣೆ, ಕಪ್ಪಗೆ, ಮಂದವಾಗಿ, ಅವಸರವಿಲ್ಲದೆ ಮಣ್ಣಿಗೆ ಇಳಿಯಿತು. ನೋಡುತ್ತ ಮಲಗಿದವನಿಗೆ ತನ್ನೊಳಗಿನದೇ ಏನೋ ಇಳಿದು ಹೋದ ಹಾಗಾಗಿ, ಮೈ ಹಗುರವಾಗಿ, ಕಣ್ಣು ಎಳೆಯಿತು.

ಎದ್ದು, ಕೆಳಗಿನ ಬಿರಡೆಯನ್ನು ಮತ್ತೆ ಬಿಗಿದು, ಹೊಸ ಎಣ್ಣೆ ತುಂಬಲು ಮೇಲಿನ ಬಿರಡೆಗೆ ಪಾನಾ ಹಾಕಿದ. ಅದು ಅಲುಗಲಿಲ್ಲ.

ಪಾನಾಕ್ಕೆ ಕೊಳವೆ ತೊಡಿಸಿ ಜಗ್ಗಿದ. ಸುತ್ತಿಗೆಯಿಂದ ಬಡಿದ. ಬಿರಡೆಯ ಮೂಲೆಗಳು ಸವೆದು ದುಂಡಗಾದವು. ಈಗ ಯಾವ ಪಾನಾವೂ ಅದನ್ನು ಕಚ್ಚುವ ಹಾಗಿರಲಿಲ್ಲ. ಒಳಗೆ ಎಣ್ಣೆ ಇಲ್ಲ. ಹೊಸದು ಹೋಗುವುದಿಲ್ಲ. ಹಳೆಯದನ್ನೇ ಹಾಕೋಣವೆಂದರೆ ಅದನ್ನು ಮಣ್ಣು ಕುಡಿದಾಗಿತ್ತು. ಹಾಗೇ ಓಡಿಸಿದರೆ ಹಳ್ಳ ಮುಟ್ಟುವ ಮೊದಲೇ ಹಲ್ಲುಗಳು ಒಂದನ್ನೊಂದು ತಿಂದುಬಿಡುತ್ತವೆ. ಹೊತ್ತು ನೆತ್ತಿಗೆ ಬಂತು.

ಊರಿನ ಮುದಿ ಫಿಟ್ಟರು ಆ ದಾರಿಯಲ್ಲೇ ಹೋಗುತ್ತಿದ್ದವನು ನಿಂತ. "ಏನೋ, ಗಾಡಿಗೆ ಭೇದಿ ಮಾಡಿಸಿ ನೀನು ಸೊರಗಿ ಕೂತಿದ್ದೀಯ?"

"ಮೇಲಿನ ಬಿರಡೆ ಬರುತ್ತಿಲ್ಲ, ಮಾವ."

"ಯಾವುದನ್ನು ಮೊದಲು ಬಿಚ್ಚಿದೆ?"

"ಕೆಳಗಿನದು."

ಮುದುಕ ಕೆಮ್ಮು ಬರುವಷ್ಟು ನಕ್ಕ. "ಗ್ಯಾರೇಜಿಗೆ ಬಂದವನಿಗೆ ಮೊದಲ ದಿನ ಹೇಳಿಕೊಡುವ ಮಾತು ಇದು. ತುಂಬುವ ಬಾಯಿ ಬಿಚ್ಚುತ್ತದೋ ಇಲ್ಲವೋ ನೋಡಿಕೊಂಡು, ಆಮೇಲೆ ಇಳಿಸುವ ಬಾಯಿಗೆ ಕೈ ಹಾಕಬೇಕು."

"ನಾನು ಯಾವ ಗ್ಯಾರೇಜಿಗೂ ಹೋದವನಲ್ಲ."

"ಅದು ಕಾಣುತ್ತಲೇ ಇದೆಯಲ್ಲ." ಮುದುಕ ಬಗ್ಗಿ, ಗೂಡಿನ ಮಗ್ಗುಲಲ್ಲಿ ಮೇಲುಗಡೆ ಇದ್ದ ಒಂದು ಸಣ್ಣ ಮುಚ್ಚಳ ತೆಗೆದು ತೋರಿಸಿದ. ಕಡ್ಡಿ ತೂರುವಷ್ಟೇ ತೂತು. "ಇದು ಇದರ ಮೂಗು. ಗಾಡಿ ಕಾದಾಗ ಇಲ್ಲಿಂದ ಉಸಿರು ಬಿಡುತ್ತದೆ. ಇಲ್ಲಿಂದಲೇ ಕುಡಿಸು. ಆದರೆ ಹಸುಗೂಸಿಗೆ ಕುಡಿಸಿದ ಹಾಗೆ, ತೊಟ್ಟು ತೊಟ್ಟು. ಅವಸರ ಮಾಡಿದೆಯೋ, ಎಲ್ಲ ಹೊರಗೇ ಚೆಲ್ಲುತ್ತದೆ."

ಅಷ್ಟು ಸಣ್ಣ ಮೂತಿಯ ಪಾತ್ರೆ ಮನೆಯಲ್ಲಿ ಒಂದೇ ಇತ್ತು. ಹೊಲಿಗೆ ಯಂತ್ರದ ಎಣ್ಣೆಕುಪ್ಪಿ. ಅವಳು ಯಂತ್ರ ಬಿಟ್ಟು ಹೋಗಿದ್ದಳು. ಖಾನೆ ಎಳೆದು ಕುಪ್ಪಿ ತೆಗೆಯುವಾಗ ಅವನು ಯಂತ್ರದ ಚಕ್ರ ತಿರುಗಿಸಿ ನೋಡಿದ. ತಿರುಗಲಿಲ್ಲ. ಜೀಪಿಗೆ ಡಬ್ಬಿಗಟ್ಟಲೆ ಸುರಿದವನು ಇದಕ್ಕೆ ಒಂದು ತೊಟ್ಟು ಬಿಟ್ಟಿರಲಿಲ್ಲ. ಮೊದಲು ಅದಕ್ಕೆ ಎರಡು ತೊಟ್ಟು ಬಿಟ್ಟ. ಆಮೇಲೆ ಹೊರಗೆ ಬಂದ.

ಎಣ್ಣೆಯನ್ನು ಬಿಸಿಲಿಗಿಟ್ಟು ತೆಳುವಾಗಿಸಿದ. ಕುಪ್ಪಿಗೆ ತುಂಬಿ, ಮೂತಿಯನ್ನು ತೂತಿಗಿಟ್ಟು, ಹೆಬ್ಬೆರಳಿನಿಂದ ತಳ ಒತ್ತಿದ. ಟುಕ್ಕು. ಒಂದು ತೊಟ್ಟು. ಟುಕ್ಕು. ಇನ್ನೊಂದು. ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯಿತು. ಲೆಕ್ಕ ತಪ್ಪಿತು. ಮನೆಯೊಳಗೆ ಯಂತ್ರ ತಿರುಗುತ್ತಿರುವ ಸದ್ದು ಕೇಳಿದ ಹಾಗಾಯಿತು. ಟುಕ್ಕು ಎಂದಾಗ, ಮದುವೆಯ ಹೊಸದರಲ್ಲಿ ಅವಳು ಸೀಟಿನ ಹರಕು ಹೊಲಿದು ಕೊಟ್ಟದ್ದು ನೆನಪಾಯಿತು. ಟುಕ್ಕು ಎಂದಾಗ, ಜ್ವರದಲ್ಲಿ ಅವಳು ಕೇಳಿದ್ದ ನೀರು. ತಂದುಕೊಟ್ಟಿದ್ದನೇ? ನೆನಪಾಗಲಿಲ್ಲ. ಬೆರಳಲ್ಲಿ ಬೊಬ್ಬೆ ಎದ್ದಿತು. ಬೆರಳು ಬದಲಿಸಿ ಒತ್ತಿದ.

ಕೊನೆಗೆ ಎಣ್ಣೆ ಸಾಕಾಯಿತು. ಹೊತ್ತು ಬೆಟ್ಟದ ಕಡೆ ವಾಲಿತ್ತು.

ಅವನು ಜೀಪು ಹತ್ತಿ ಹೊರಟ. ಅಭ್ಯಾಸದಂತೆ ಕಿವಿಗೊಟ್ಟು ಕೇಳಿದ. ಗಾಡಿ ಎಲ್ಲಿಯೂ ಏನೂ ಅನ್ನಲಿಲ್ಲ. ಆ ನಿಶ್ಶಬ್ದದಲ್ಲಿ ಅವಳು ವರ್ಷಗಳಿಂದ ಹೇಳುತ್ತ ಬಂದದ್ದೆಲ್ಲ ಒಂದೊಂದಾಗಿ ಕೇಳಿಸತೊಡಗಿತು. ಹಳ್ಳದ ದಡದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳಿಗೂ ಎಳೆತ ಕೊಡುವ ಸಣ್ಣ ಗೇರಿನ ದಂಡ ಎಳೆದ. ನಾಲ್ಕೂ ಗಾಲಿ ಕಚ್ಚಿದವು. ನೀರು ಬಾಗಿಲ ತನಕ ಬಂತು. ನೀರಿನ ಮೇಲೆ ಸಂಜೆಯ ಕೆಂಪು ತೇಲುತ್ತಿತ್ತು. ಜೀಪು ಹೋಗುತ್ತಿದೆಯೋ, ಹಳ್ಳವೇ ಹಿಂದಕ್ಕೆ ಹೋಗುತ್ತಿದೆಯೋ ತಿಳಿಯಲಿಲ್ಲ. ನಡುಹಳ್ಳದಲ್ಲಿ ಸೂರ್ಯ ಮುಳುಗಿದ. ಆಚೆ ದಡದ ಹೊಂಗೆಮರದ ಕೆಳಗೆ ಏನೋ ಕಪ್ಪಗೆ ಕಂಡಿತು. ಕೂತ ಆಳಿರಬಹುದು. ಬರಿಯ ನೆರಳೂ ಇರಬಹುದು. ಅವನು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ಹೋದ.

ಅಜ್ಜಾರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಮಠದ ಜೀಪಿನ ಅಡಿಯಲ್ಲಿ ಎಣ್ಣೆಯ ದಾರ ಸಣ್ಣದಾಗಿ, ತೊಟ್ಟಾಗಿ, ನಿಂತಿತ್ತು. ಕಲ್ಲಿನಾಥ ಕಾದ. ಕತೆ ಮುಂದುವರಿಯಲಿಲ್ಲ. ಅವನ ಕೈ ಅವನಿಗೇ ತಿಳಿಯದೆ ಜೇಬಿನ ಕಾರ್ಡಿನ ಮೇಲೆ ಹೋಗಿ ಕೂತಿತ್ತು. ಅಂಗಿಗೆ ಎಣ್ಣೆಯ ಕಲೆಯಾಯಿತು.

"ಅಜ್ಜಾರೇ," ಎಂದ, "ಅವಳು ಇದ್ದಳೇ?"

"ನಾಳೆ ಹುಣ್ಣಿಮೆ, ಎಣ್ಣೆ ತುಂಬಿ ಜೀಪು ತೆಗೆದುಕೊಂಡು ಹೋಗು; ಇದ್ದಳೋ ಇಲ್ಲವೋ ನೀನೇ ಬಂದು ನನಗೆ ಹೇಳು."